ನಿವ್ವಳ ತೂಕ

ಜನವರಿ 12

ಅಕ್ಕಾ,

ಫೋನಿನಲ್ಲಿ ಹೇಳುವಂಥ ವಿಷಯವಲ್ಲ, ಅದಕ್ಕೇ ಕಾಗದ. ನಮ್ಮ ಮನೆಯಲ್ಲಿರುವುದು ಎರಡೇ ಕೋಣೆ. ನನ್ನ ಹೆಂಡತಿಗಿರುವುದು ಟೀಚರಿನ ಕಿವಿ, ಹಿಂದಿನ ಬೆಂಚಿನ ಪಿಸುಮಾತೂ ಅವಳಿಗೆ ಕೇಳಿಸುತ್ತದೆ. ನೀನೂ ಉತ್ತರವನ್ನು ಆಫೀಸಿನ ವಿಳಾಸಕ್ಕೇ ಬರೆ.

ಆಸ್ಪತ್ರೆಯ ಔಷಧಿ ಪರೀಕ್ಷೆಗೆ ಸೇರಿ ನಾಲ್ಕು ತಿಂಗಳಾಯಿತು. ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ, ಸಹಿಸಿಕೋ. ನನ್ನ ಮಲ್ಟಿಪಲ್ ಸ್ಕ್ಲೀರೋಸಿಸ್‌ಗೆ ದುಬಾರಿ ಇಂಜೆಕ್ಷನ್ನುಗಳು ನಾಟುವುದು ನಿಂತ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರು ಈ ದಾರಿ ತೋರಿಸಿದರು. ಒಂದು ಕಾಲದಲ್ಲಿ ತುರಿಕೆಗೆ, ಸೀನಿಗೆ ಕೊಡುತ್ತಿದ್ದ ಹಳೆಯ ಅಲರ್ಜಿ ಮಾತ್ರೆ. ಚಿಲ್ಲರೆ ಕಾಸಿನದು. ನರಗಳ ಮೇಲಿನ ಕಿತ್ತುಹೋದ ಹೊದಿಕೆಯನ್ನು ಅದು ಮತ್ತೆ ಬೆಳೆಸಬಹುದೇನೋ ಎಂದು ನೋಡುತ್ತಿದ್ದಾರೆ. ಈ 'ಬಹುದೇನೋ' ನನ್ನದಲ್ಲ, ಅವರದೇ. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಔಷಧಿ, ಇನ್ನರ್ಧ ಜನಕ್ಕೆ ಅದೇ ಬಣ್ಣದ ಕ್ಯಾಪ್ಸೂಲಿನಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ.

ನನಗೆ ಗೊತ್ತಾಗಿದೆ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರ್ ಆಗಿರುವವನ ಕೈಗೆ ಮುಚ್ಚಿದ ಕ್ಯಾಪ್ಸೂಲು ಕೊಟ್ಟು ಸುಮ್ಮನೆ ನುಂಗು ಎಂದರೆ ನಡೆಯುತ್ತದೆಯೇ? ನಮ್ಮ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿಯಿದೆ, ಬಾಗಿಲು ತೆರೆದು ಉಸಿರು ಬಿಟ್ಟರೂ ಮುಳ್ಳು ಅಲ್ಲಾಡುತ್ತದೆ. ನಮ್ಮ ಆಫೀಸಿನ ಗುಮಾಸ್ತನ ಮನೆಯಲ್ಲಿ ಅದೇ ಅಲರ್ಜಿಯ ಎರಡು ಮಾತ್ರೆ ಉಳಿದಿದ್ದವು. ತರಿಸಿ ತೂಗಿದೆ. ನನ್ನ ಕ್ಯಾಪ್ಸೂಲು ಬಿಚ್ಚಿ ಪುಡಿ ಸುರಿದು ತೂಗಿದೆ. ಮೂರು ದಿನ, ಮೂರು ಕ್ಯಾಪ್ಸೂಲು. ಎರಡಕ್ಕೂ ಅಜಗಜಾಂತರ ಅಕ್ಕಾ. ನನಗೆ ಕೊಡುತ್ತಿರುವುದು ಹಿಟ್ಟು.

ಇಲ್ಲಿನ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಆ ಮಾತ್ರೆ ಕೊಡುವುದಿಲ್ಲ. ಡಾಕ್ಟರನ್ನು ಚೀಟಿ ಕೇಳಿದರೆ ಪರೀಕ್ಷೆಯಿಂದಲೇ ಹೊರಗೆ ಹಾಕುತ್ತಾರೆ. ನೀನು ಮೂವತ್ತು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದೀಯ. ಕಳಿಸು. ಎಡಗಾಲು ಈಗ ನನ್ನ ಮಾತು ಕೇಳುವುದು ಬೆಳಗಿನ ಹೊತ್ತು ಮಾತ್ರ. ಮಧ್ಯಾಹ್ನದ ಮೇಲೆ ಅದನ್ನು ಬೇರೆ ಯಾರದೋ ಸಾಮಾನಿನಂತೆ ಎಳೆದುಕೊಂಡು ಓಡಾಡುತ್ತೇನೆ. ನನಗೆ ಬೇರೇನೂ ಬೇಡ, ನಡೆಯಬೇಕು ಅಷ್ಟೆ.

ನಿನ್ನ
ತಕ್ಕಡಿ


ಜನವರಿ 23

ಪ್ರೀತಿಯ ತಕ್ಕಡಿಗೆ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಚಿಕ್ಕಂದಿನಲ್ಲಿ ಒಂದು ಬಾಳೆಹಣ್ಣು ಹಂಚಿದರೂ ನನ್ನ ತುಂಡಿನ ಪಕ್ಕ ನಿನ್ನ ತುಂಡು ಇಟ್ಟು ನೋಡುತ್ತಿದ್ದೆ ಎಂದೇ ನಿನಗೆ ಆ ಹೆಸರಿಟ್ಟೆ. ಆ ಬುದ್ಧಿ ಇಲ್ಲಿಗೂ ತರುತ್ತೀಯೆಂದು ನೆನೆಸಿರಲಿಲ್ಲ.

ಒಂದು ಮಾತು ಹೇಳು. ಅಂಗಡಿಯವನು ಡಬ್ಬದ ಸಮೇತ ತೂಗಿ ಮಾಲಿನ ತೂಕ ಇಷ್ಟು ಎಂದರೆ ಒಪ್ಪುತ್ತೀಯಾ? ನೀನು ಮಾಡಿರುವುದೂ ಅದನ್ನೇ. ಆ ಮಾತ್ರೆಯಲ್ಲಿ ಔಷಧಿ ಅನ್ನುವುದು ಸಾಸಿವೆ ಕಾಳಿಗಿಂತ ಕಡಿಮೆ. ಉಳಿದದ್ದೆಲ್ಲ ಬೆರಳಿಗೆ ಸಿಗಲಿ ಎಂದು ಸೇರಿಸುವ ಪುಡಿ. ಒಂದೊಂದು ಕಂಪನಿ ಒಂದೊಂದಷ್ಟು ಸೇರಿಸುತ್ತದೆ. ನೀನು ತೂಗಿದ್ದು ಆ ಪುಡಿಯನ್ನು, ಪುಣ್ಯಾತ್ಮ. ನಿವ್ವಳ ತೂಕ ನಿನ್ನ ಗಾಜಿನ ಪೆಟ್ಟಿಗೆಗೆ ಸಿಗುವುದಿಲ್ಲ.

ಇನ್ನೊಂದು ವಿಷಯ. ನಿನಗೆ ಬರುತ್ತಿರುವುದು ನಿಜವಾದದ್ದೇ ಆಗಿದ್ದರೆ? ಅದರ ಮೇಲೆ ನಾನು ಕಳಿಸಿದ್ದೂ ಸೇರಿದರೆ ಮಂಪರು ಹತ್ತಿ ಮೆಟ್ಟಿಲಿನಿಂದ ಉರುಳುತ್ತೀಯ. ನಾನು ಕಳಿಸುವುದಿಲ್ಲ. ಬಾಯಿ ಮುಚ್ಚಿಕೊಂಡು ಕೊಟ್ಟದ್ದನ್ನು ನುಂಗು, ಪರೀಕ್ಷೆ ಮುಗಿಯಲಿ.

ಟೀಚರಮ್ಮನಿಗೆ, ಮಗಳಿಗೆ ನನ್ನ ನೆನಪು ತಿಳಿಸು. ಈ ಬೈಗುಳ ನಿನಗೊಬ್ಬನಿಗೇ.

ಇಂತಿ,
ಅಕ್ಕ


ಫೆಬ್ರವರಿ 4

ಅಕ್ಕಾ,

ಸೋಮವಾರ ಬಿದ್ದೆ. ಅದೂ ಎಲ್ಲಿ? ಮಂಡಿಯ ಸಗಟು ಅಂಗಡಿಯಲ್ಲಿ. ಹೋದ ವರ್ಷ ತಕ್ಕಡಿಯ ತಟ್ಟೆಯ ಕೆಳಗೆ ಅಯಸ್ಕಾಂತ ಅಂಟಿಸಿದ್ದನೆಂದು ನಾನೇ ದಂಡ ಹಾಕಿದ್ದೆನಲ್ಲ, ಆ ವ್ಯಾಪಾರಿಯ ಅಂಗಡಿ. ಮೂರನೇ ಮೆಟ್ಟಿಲಿನಲ್ಲಿ ಎಡಗಾಲು ಬರಲಿಲ್ಲ. ನಾನು ಹೋದೆ, ಅದು ಹಿಂದೆಯೇ ಉಳಿಯಿತು.

ಎತ್ತಿದವನೂ ಅವನೇ. ಕಂಕುಳಿಗೆ ಕೈ ಹಾಕಿ ಎತ್ತಿದ. ಕೂರಿಸಲು ಬೇರೆ ಜಾಗವಿರಲಿಲ್ಲ, ಮೂಟೆ ತೂಗುವ ಯಂತ್ರದ ಹಲಗೆಯ ಮೇಲೆ ಕೂರಿಸಿದ. ಮುಳ್ಳು ಐವತ್ತೆಂಟಕ್ಕೆ ಹೋಗಿ ನಿಂತಿತು.

"ಸಾರ್, ಈ ಸಲ ತೂಕದಲ್ಲಿ ಮೋಸ ಇಲ್ಲ, ನೀವೇ ನೋಡ್ಕೊಳ್ಳಿ" ಎಂದ.

ಹಮಾಲರು ನಕ್ಕರು. ನಾನೂ ನಕ್ಕೆ. ಕೆಟ್ಟವನಲ್ಲ ಅವನು, ನನ್ನ ಮುಖ ನೋಡಲಾರದೆ ಹಾಗೆ ಅಂದ, ನೀರು ಕೊಟ್ಟು ಜೀಪಿನವರೆಗೂ ಬಂದ. ಜೀಪಿನ ಬಾಗಿಲು ಹಾಕಿಕೊಂಡ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಡ್ರೈವರ್ ರೇಡಿಯೋ ಜೋರು ಮಾಡಿದ.

ನಿನ್ನ ಕಂಪನಿ, ಪುಡಿ, ಲೆಕ್ಕಾಚಾರ ಎಲ್ಲ ಓದಿದೆ. ಇರಬಹುದು. ಆದರೆ ನಾಲ್ಕು ತಿಂಗಳಿನಿಂದ ತಿನ್ನುತ್ತಿದ್ದೇನೆ, ಕಾಲು ದಿನೇದಿನೇ ಸೋಲುತ್ತಲೇ ಇದೆ. ಮೈ ಭಾರ, ಕಣ್ಣು ಭಾರ, ಮಧ್ಯಾಹ್ನ ಫೈಲಿನ ಮೇಲೇ ತಲೆ ಬೀಳುತ್ತದೆ. ನಿಜವಾದ ಔಷಧಿಯಾಗಿದ್ದರೆ ಹೀಗಾಗುತ್ತಿತ್ತೇ?

ಆಸ್ಪತ್ರೆಯ ಗೇಟಿನ ಹೊರಗೆ ಒಬ್ಬ ನಿಂತಿರುತ್ತಾನೆ. ನಮ್ಮಂಥವರನ್ನು ದೂರದಿಂದಲೇ ಗುರುತು ಹಿಡಿಯುತ್ತಾನೆ, ನಡಿಗೆಯಲ್ಲೇ. ಅವನ ಬಳಿ ಕಪ್ಪು ಗುಳಿಗೆಯಿದೆ, ಹೆಸರಿಲ್ಲ. "ಆರು ವಾರದಲ್ಲಿ ಓಡಾಡ್ತೀರಾ" ಎಂದ. ಸುಳ್ಳೆಂದು ನನಗೆ ಗೊತ್ತು. ಆದರೂ ಹತ್ತು ದಿನ ಕಾದು ಅವನ ಹತ್ತಿರ ಹೋಗುತ್ತೇನೆ, ನೀನು ಕಳಿಸದಿದ್ದರೆ. ಬೆದರಿಕೆಯಲ್ಲ ಅಕ್ಕಾ. ನನಗೆ ಕೈಕಾಲು ಆಡುತ್ತಿಲ್ಲ. ಈ ಮಾತಿಗೆ ನೀನೇ ನಗಬಹುದು, ನಾನು ನಗುವ ಸ್ಥಿತಿಯಲ್ಲಿಲ್ಲ.

ತಕ್ಕಡಿ


ಫೆಬ್ರವರಿ 9

ತಮ್ಮಾ,

ಜೊತೆಗೆ ಒಂದು ಸೀಸೆಯಿದೆ. ಟೀಚರಮ್ಮನ ಕಣ್ಣಿಗೆ ಹೆಸರು ಬೀಳದಿರಲಿ ಎಂದು ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಹಾಕಿದ್ದೇನೆ. ದಿನಕ್ಕೊಂದು, ಊಟದ ಮೇಲೆ.

ಆ ಗೇಟಿನವನ ಹತ್ತಿರ ಹೋಗಕೂಡದು. ಆಸ್ಪತ್ರೆಯ ಕ್ಯಾಪ್ಸೂಲು ನಿಲ್ಲಿಸಕೂಡದು. ಇವೆರಡು ಮಾತು ನಡೆಸಿಕೊಡು, ಬೇರೇನೂ ಕೇಳುವುದಿಲ್ಲ. ಮೊದಲು ಎರಡನ್ನೂ ಸೇರಿಸಬೇಡ ಎಂದವಳು ಈಗ ಹೀಗೇಕೆ ಬರೆಯುತ್ತಾಳೆ ಎನ್ನಬೇಡ. ವಿಚಾರ ಮಾಡಿಯೇ ಬರೆದಿದ್ದೇನೆ.

ಅಕ್ಕ


ಮಾರ್ಚ್ 20

ಅಕ್ಕಾ, ಅಕ್ಕಾ,

ಇವತ್ತು ಸೇತುವೆಯವರೆಗೆ ನಡೆದೆ! ಮನೆಯಿಂದ ಅಂಚೆಡಬ್ಬಿ, ಅಲ್ಲಿಂದ ಬೇಕರಿ, ಅಲ್ಲಿಂದ ಸೇತುವೆ. ಕೋಲು ಕಂಕುಳಿನಲ್ಲಿತ್ತು, ನೆಲಕ್ಕೆ ಊರಲಿಲ್ಲ. ಮಗಳು ಪಕ್ಕದಲ್ಲಿದ್ದಳು. ಅರ್ಧ ದಾರಿಯಲ್ಲಿ "ಅಪ್ಪಾ, ಸ್ವಲ್ಪ ನಿಧಾನ" ಎಂದಳು. ಎರಡು ವರ್ಷದಿಂದ ನನಗೆ ಯಾರೂ ಹಾಗೆಂದಿರಲಿಲ್ಲ. ನಾನು ಇನ್ನೂ ಬೇಗ ಹೆಜ್ಜೆ ಹಾಕಿದೆ, ಹುಚ್ಚನ ಹಾಗೆ.

ನಿನ್ನ ಮಾತ್ರೆ ಶುರುಮಾಡಿ ವಾರವಾಗುವಷ್ಟರಲ್ಲೇ ಗೊತ್ತಾಯಿತು. ಮೊದಲು ಹೋದದ್ದು ಆ ಮಂಪರು. ತಲೆಯೊಳಗೆ ಒದ್ದೆ ಬಟ್ಟೆ ಹಾಕಿದಂತಿತ್ತಲ್ಲ, ಯಾರೋ ಎತ್ತಿ ಆಚೆ ಎಸೆದಂತಾಯಿತು. ಮಧ್ಯಾಹ್ನ ಫೈಲು ನೋಡುತ್ತೇನೆ, ಸಂಜೆ ಮಗಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಎರಡು ಗೆರೆ ಎಳೆದು, ನರ್ಸು ಸ್ಟಾಪ್‌ವಾಚ್ ಹಿಡಿದು ನಡೆಸುತ್ತಾಳೆ. ಈ ಸಲ ಎರಡು ಸೆಕೆಂಡು ಕಡಿಮೆ. "ವಾಚು ಸರಿಯಿದೆಯೇನಮ್ಮಾ?" ಎಂದು ನಾನೇ ಕೇಳಿದೆ. ಅವಳು, "ನಿಮ್ಮ ಕಾಲು ಸರಿಯಿದೆ, ಖುಷಿಪಡಿ ಸಾರ್" ಎಂದಳು.

ನಿನಗೊಂದು ವಿಷಯ ಹೇಳಬೇಕು. ನೀನು ಕಳಿಸಿದ ಮಾತ್ರೆಯನ್ನು ನಾನು ತೂಗಲಿಲ್ಲ. ಲ್ಯಾಬಿಗೆ ಒಯ್ದಿದ್ದೆ, ಗಾಜಿನ ಬಾಗಿಲನ್ನೂ ಸರಿಸಿದ್ದೆ. ಆಮೇಲೆ ನಾಚಿಕೆಯಾಯಿತು. ಅಕ್ಕ ಕಳಿಸಿದ್ದನ್ನು ತೂಗಿ ನೋಡುವಷ್ಟು ಕೆಟ್ಟವನಾಗಿಲ್ಲ ಎಂದು ಹಾಗೇ ಜೇಬಿಗೆ ಹಾಕಿಕೊಂಡು ಬಂದೆ. ಸೀಸೆ ಮುಗಿಯುತ್ತಾ ಬಂತು, ಇನ್ನೊಂದು ಕಳಿಸು. ದೊಡ್ಡದು.

ನಿನ್ನ ಋಣ ತೀರಿಸಲಾಗದ
ತಕ್ಕಡಿ


ಏಪ್ರಿಲ್ 3

ತಮ್ಮಾ,

ಸೇತುವೆಯ ಸುದ್ದಿ ಓದಿ ಕೌಂಟರಿನಲ್ಲೇ ಕೂತು ಅತ್ತೆ. ಗಿರಾಕಿಯೊಬ್ಬರು ಕೆಮ್ಮಿನ ಔಷಧಿ ಕೇಳಿ ಎರಡು ಸಲ ಕೂಗಬೇಕಾಯಿತು.

ನನ್ನ ಋಣ ಗಿಣ ಎಂದೆಲ್ಲ ಬರೆಯಬೇಡ. ನಡೆದವನು ನೀನು.

ಆಸ್ಪತ್ರೆಯ ಕ್ಯಾಪ್ಸೂಲಿನ ವಿಷಯ ನೀನು ಏನೂ ಬರೆಯಲಿಲ್ಲ. ತೆಗೆದುಕೊಳ್ಳುತ್ತಿದ್ದೀಯ ತಾನೇ? ಮಂಪರು ಹೋಯಿತು ಎಂದು ಬರೆದದ್ದನ್ನು ಎರಡು ಮೂರು ಸಲ ಓದಿದೆ. ಒಳ್ಳೆಯದೇ ಅಂದುಕೊಂಡೆ. ಅಲರ್ಜಿ ಮಾತ್ರೆಗೆ ಒಬ್ಬೊಬ್ಬರ ಮೈ ಒಂದೊಂದು ರೀತಿ.

ಸೀಸೆ ಕಳಿಸಿದ್ದೇನೆ. ಸೆಕೆ ಹೆಚ್ಚಿದೆ, ಬಿಸಿಲಿನಲ್ಲಿ ನಡೆಯಬೇಡ. ನಿನ್ನ ಕಾಯಿಲೆಗೆ ಸೆಕೆ ಆಗುವುದಿಲ್ಲ ಎಂದು ನಾನು ಹೇಳಬೇಕೇ?

ಅಕ್ಕ


ಮೇ 26

ಅಕ್ಕಾ,

ದಿನಕ್ಕೆ ಎರಡು ತೆಗೆದುಕೊಳ್ಳಬಹುದೇ? ಕೂಡಲೇ ಬರೆ.

ಹದಿನೈದು ದಿನದಿಂದ ಕಾಲು ಮತ್ತೆ ಹಟ ಹಿಡಿದಿದೆ. ಮೊದಲು ಎಡಗಾಲು ಒಂದೇ ಇತ್ತು, ಈಗ ಬಲಗಾಲಿನ ಪಾದವೂ ಜೋಮು. ಶರ್ಟಿನ ಗುಂಡಿ ಹಾಕಲು ಮಗಳನ್ನು ಕರೆಯುತ್ತೇನೆ, ತಮಾಷೆಗೆಂಬಂತೆ. ಅವಳೂ ತಮಾಷೆಗೆಂಬಂತೆ ಬಂದು ಹಾಕುತ್ತಾಳೆ. ಸೆಕೆಗೆ ಹೀಗಾಗಿದೆ ಅಂದುಕೊಂಡಿದ್ದೆ. ಈಗ ಮೋಡ ಕಟ್ಟಿ ತಂಪಾಯಿತು, ಕಾಲು ಹಾಗೇ ಇದೆ. ಕಾರಿಡಾರಿನ ಗೆರೆಯಿಂದ ಗೆರೆಗೆ ಹೋಗಲು ಹೋದ ವಾರ ಎಷ್ಟು ಹಿಡಿಯಿತೆಂದು ನರ್ಸು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನೀನು ಏಪ್ರಿಲ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಆಸ್ಪತ್ರೆಯ ಕ್ಯಾಪ್ಸೂಲನ್ನು ಫೆಬ್ರವರಿಯಲ್ಲೇ ಬಿಟ್ಟೆ. ನಿನ್ನ ಸೀಸೆ ಬಂದ ದಿನದಿಂದಲೇ. ಹಿಟ್ಟು ತಿಂದು ಹೊಟ್ಟೆ ಯಾಕೆ ತುಂಬಿಸಿಕೊಳ್ಳಲಿ? ನರ್ಸು ಉಳಿದದ್ದನ್ನು ಎಣಿಸುತ್ತಾಳೆಂದು ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಒಂದನ್ನು ಬೇಸಿನ್ನಿಗೆ ಬಿಟ್ಟು ನಲ್ಲಿ ತಿರುಗಿಸುತ್ತೇನೆ. ಎಣಿಕೆ ತಪ್ಪದಂತೆ ನೋಡಿಕೊಳ್ಳುವುದು ನನಗೆ ಹೇಳಿಕೊಡಬೇಕೇ! ನಿನಗೆ ಮಾತು ಕೊಟ್ಟಿದ್ದೆ ಎಂದು ಕೋಪ ಮಾಡಿಕೊಳ್ಳಬೇಡ. ನಾನು ಮಾತು ಕೊಟ್ಟಿರಲಿಲ್ಲ, ನೀನು ಕೇಳಿದ್ದೆ ಅಷ್ಟೆ.

ಈಗ ನನಗಿರುವುದು ನಿನ್ನ ಮಾತ್ರೆಯೊಂದೇ. ಎರಡು ತೆಗೆದುಕೊಳ್ಳಲೇ? ಮೂರು?

ತಕ್ಕಡಿ


ಜೂನ್ 8

ಅತ್ತಿಗೆಗೆ ನಮಸ್ಕಾರಗಳು.

ನಿನ್ನೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ, ಸುತ್ತ ಜನರಿದ್ದರು. ಸರಿಯಾಗಿ ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಗ್ಗೆ ಇವರು ಹಾಸಿಗೆಯಿಂದ ಏಳಲಿಲ್ಲ. ಎರಡು ಕಾಲಿಗೂ ಸ್ವಾಧೀನವಿಲ್ಲ, ಬಲಗಣ್ಣು ಮಂಜು. ಆಸ್ಪತ್ರೆಗೆ ಸೇರಿಸಿದೆವು, ಐದು ದಿನ ಸ್ಟೀರಾಯ್ಡ್ ಡ್ರಿಪ್ ಕೊಡುತ್ತಾರೆ. ತುರ್ತು ಎಂದು ಡಾಕ್ಟರು ಪರೀಕ್ಷೆಯವರಿಗೆ ಫೋನು ಮಾಡಿ ಇವರಿಗೆ ಕೊಡುತ್ತಿದ್ದದ್ದು ಯಾವುದೆಂದು ತೆಗೆಸಿ ನೋಡಿದರು.

"ನಿಜವಾದ ಔಷಧಿನೇ ಬಂದಿತ್ತು ಕಣಮ್ಮ, ಮೊದಲಿಂದಾನೂ" ಎಂದರು.

ನನಗೆ ಆ ಕ್ಷಣ ಸಂತೋಷವೇ ಆಯಿತು ಅತ್ತಿಗೆ. ನಮ್ಮ ಪಾಲಿಗೆ ಹಿಟ್ಟು ಬರಲಿಲ್ಲವಲ್ಲ ಎಂದು. ಆಮೇಲೆ ಹೊಳೆಯಿತು, ನಿಜವಾದದ್ದನ್ನೇ ಇಷ್ಟು ತಿಂಗಳು ಬಿಡದೆ ತಿಂದೂ ಹೀಗಾಯಿತಲ್ಲ, ಇನ್ನು ಏನಿದೆ ನಮಗೆ? ಡಾಕ್ಟರು ಅಂದದ್ದನ್ನು ಇವರಿಗೆ ಹೇಳಿದೆ. ಗೋಡೆಯ ಕಡೆ ತಿರುಗಿಸು ಎಂದು ಕೈಸನ್ನೆ ಮಾಡಿದರು. ತಿರುಗಿಸಿದೆ. ಸಂಜೆಯವರೆಗೂ ಹಾಗೇ ಇದ್ದರು.

ಇನ್ನೊಂದು. ಇವರ ಆಫೀಸಿನ ಚೀಲದಲ್ಲಿ ಹೆಸರಿಲ್ಲದ ಸೀಸೆ ಸಿಕ್ಕಿತು, ಅರ್ಧ ಖಾಲಿ. ಏನೆಂದು ಕೇಳಿದರೆ ಬಾಯಿಗೆ ಬೀಗ. ಡಾಕ್ಟರಿಗೆ ತೋರಿಸುವ ಮೊದಲು ನಿಮ್ಮನ್ನು ಕೇಳೋಣ ಎಂದುಕೊಂಡೆ. ನೀವು ಇಂಥವನ್ನು ದಿನಾ ನೋಡುವವರು. ಒಂದು ಮಾತ್ರೆಯನ್ನು ಈ ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ. ಇದು ಯಾವ ಮಾತ್ರೆ, ಇದರಿಂದ ಇವರಿಗೆ ಏನಾದರೂ ಆಗಿರಬಹುದೇ, ನೋಡಿ ಹೇಳುತ್ತೀರಾ?

ಇಂತಿ ನಿಮ್ಮ
ಟೀಚರಮ್ಮ


ಜೂನ್ 13

ತಮ್ಮಾ,

ಟೀಚರಮ್ಮನಿಗೆ ಬೇರೆ ಕಾಗದ ಬರೆದಿದ್ದೇನೆ. ಅವಳಿಗೆ ಎಲ್ಲ ಹೇಳಿದ್ದೇನೆ, ಡಾಕ್ಟರಿಗೂ ಹೇಳೆಂದಿದ್ದೇನೆ. ಆದರೆ ನಿನಗೆ ನಾನೇ ಹೇಳಬೇಕು.

ಸೀಸೆಯಲ್ಲಿದ್ದದ್ದು ಅಲರ್ಜಿ ಮಾತ್ರೆಯಲ್ಲ. ವಿಟಮಿನ್ ಮಾತ್ರೆ. ಮುದುಕರಿಗೂ ಬಾಣಂತಿಯರಿಗೂ ಕೊಡುವ ಸಾಧಾರಣ ವಿಟಮಿನ್. ಗುಮಾಸ್ತನ ಮನೆಯ ಮಾತ್ರೆಯನ್ನು ನೀನು ಕಣ್ಣಾರೆ ನೋಡಿದ್ದೆಯಲ್ಲ, ಬಣ್ಣ ಗಾತ್ರ ಅದಕ್ಕೇ ಹೊಂದಬೇಕೆಂದು ಅಂಗಡಿಯ ಮೂರು ಕಪಾಟು ಜಾಲಾಡಿದೆ. ಎರಡನೆಯ ಸಲ ಕಳಿಸಿದ್ದೂ ಅದೇ.

ಗೇಟಿನವನ ಗುಳಿಗೆ ತಪ್ಪಿಸಬೇಕಿತ್ತು. ನಿನ್ನ ಸಮಾಧಾನಕ್ಕೆ ಒಂದು ಮಾತ್ರೆ, ನಿನ್ನ ಕಾಯಿಲೆಗೆ ಆಸ್ಪತ್ರೆಯದು, ಎರಡೂ ನಡೆಯಲಿ ಎಂದುಕೊಂಡೆ. ಬಹಳ ಜಾಣತನ ಮಾಡಿದೆ ಎಂದು ಬೀಗಿದೆ ಕೂಡ. ಅಪ್ಪನ ವಿಷಯದಲ್ಲೂ ಹೀಗೇ ಮಾಡಿದ್ದೆ, ನೆನಪಿದೆಯಾ? ಅಪ್ಪ ಚೆನ್ನಾಗಿದ್ದಾರೆ ಎಂದು ನಿನ್ನ ಕಾಲೇಜು ಪರೀಕ್ಷೆ ಮುಗಿಯುವವರೆಗೂ ಹಾಸ್ಟೆಲ್ಲಿಗೆ ಬರೆಯುತ್ತಿದ್ದೆ. ನೀನು ಬಂದಾಗ ಅಪ್ಪನಿಗೆ ಗುರುತು ಸಿಗಲಿಲ್ಲ. ಆಗ ನೀನು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಬುದ್ಧಿ ಬರುತ್ತಿತ್ತೋ ಏನೋ.

ಮಂಪರು ಹೋಯಿತು ಎಂದು ಬರೆದೆಯಲ್ಲ, ಆವತ್ತೇ ನನಗೆ ಅನುಮಾನ ಬಂದಿತ್ತು. ಮಂಪರು ತರುವುದು ಆ ಹಳೇ ಮಾತ್ರೆಯ ಹುಟ್ಟುಗುಣ, ಕೌಂಟರಿನಲ್ಲಿ ನಿಂತು ಸಾವಿರ ಸಲ ಹೇಳಿದ್ದೇನೆ, ಇದನ್ನು ನುಂಗಿ ಗಾಡಿ ಓಡಿಸಬೇಡಿ ಎಂದು. ನಿನಗೆ ಮಂಪರಿತ್ತು ಎಂದರೆ ಕ್ಯಾಪ್ಸೂಲಿನಲ್ಲಿ ಔಷಧಿಯಿತ್ತು. ಮಂಪರು ಹೋಯಿತು ಎಂದರೆ ನೀನು ಅದನ್ನು ಬಿಟ್ಟಿದ್ದೆ. ಇಷ್ಟು ಅರ್ಥವಾಗದವಳಲ್ಲ ನಾನು. ನೀನು ಸೇತುವೆಯವರೆಗೆ ನಡೆದಿದ್ದೆ. ಅದನ್ನು ಹಾಳುಮಾಡಲು ನನಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ, ನನ್ನಿಂದ ನಡೆದ ಎಂಬುದನ್ನು ಬಿಟ್ಟುಕೊಡಲೂ ಮನಸ್ಸು ಬರಲಿಲ್ಲ.

ಮೇ ತಿಂಗಳ ನಿನ್ನ ಕಾಗದ ಬಂದ ದಿನ ಫೋನು ಮಾಡಿದೆ. ಎರಡು ಸಲ ರಿಂಗಾಯಿತು, ಇಟ್ಟುಬಿಟ್ಟೆ. ನಾಳೆ ಬರೆಯೋಣ ಎಂದುಕೊಂಡೆ. ಹತ್ತು ದಿನ ನಾಳೆ ನಾಳೆ ಎಂದುಕೊಂಡೆ. ಆ ಹತ್ತು ದಿನದಲ್ಲಿ ನಿನ್ನ ಕಾಲು ಹೋಯಿತು.

ಟೀಚರಮ್ಮ ಕಳಿಸಿದ ಮಾತ್ರೆ ನನ್ನ ಮುಂದಿದೆ. ಯಾವ ಮಾತ್ರೆ, ನೋಡಿ ಹೇಳುತ್ತೀರಾ ಎಂದು ಕೇಳಿದ್ದಾಳೆ, ಪಾಪ.

ಕ್ಷಮಿಸು ಎಂದು ಬರೆಯಲು ಮುಖವಿಲ್ಲ. ನಿನಗೆ ಏನನ್ನಿಸುತ್ತದೋ ಅದನ್ನು ಬರೆ. ಬೈದು ಬರೆ.

ಅಕ್ಕ


ಸೆಪ್ಟೆಂಬರ್ 2

ಅಕ್ಕಾ,

ನೀನು ಮೂರು ಕಾಗದ ಬರೆದೆ, ಒಂದು ಸಲ ಬಂದೂ ಹೋದೆ. ನಾನು ನಿದ್ದೆ ಬಂದವನಂತೆ ಮಲಗಿದ್ದೆ. ನಿದ್ದೆ ಬಂದಿರಲಿಲ್ಲವೆಂದು ನಿನಗೂ ಗೊತ್ತು. ನನ್ನ ಕಾಲು ಒತ್ತುತ್ತಾ ಕೂತಿದ್ದೆಯಂತೆ, ಮಗಳು ಹೇಳಿದಳು. ನನಗೆ ತಿಳಿಯಲಿಲ್ಲ, ಕಾಲಿಗೂ ತಿಳಿಯಲಿಲ್ಲ.

ಬೈಯಲು ಎಷ್ಟೋ ಸಲ ಶುರುಮಾಡಿದೆ. ಬೈದು ಬೈದು ಕೊನೆಗೆ ಬೇಸಿನ್ನಿನ ಮುಂದೆ ಹಲ್ಲುಜ್ಜುತ್ತಾ ನಿಂತ ಒಬ್ಬ ಪ್ರಾಮಾಣಿಕ ಅಧಿಕಾರಿಯ ಹತ್ತಿರ ಬಂದು ನಿಲ್ಲುತ್ತಿದ್ದೆ. ನಿನ್ನನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೇ ತಿಳಿಯದು. ಹೀಗೆ ಬರೆಯುತ್ತಾ ಕೂತಾಗ ಕ್ಷಮಿಸಿರುತ್ತೇನೆ. ನನ್ನ ಹೆಂಡತಿ ಹಲ್ಲು ಕಚ್ಚಿ ನನ್ನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎಳೆದು ಕೂರಿಸುವಾಗ ಇಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆವು. ಪರೀಕ್ಷೆಗೆ ಮತ್ತೆ ಸೇರಿಸುವುದಿಲ್ಲವಂತೆ. ನಾನು ಕೇಳಿದೆ, ಬಿಡದೆ ತಿಂದಿದ್ದರೆ ಕಾಲು ಉಳಿಯುತ್ತಿತ್ತಾ ಎಂದು. "ಉಳೀತಿತ್ತು ಅಂತ ನಾನು ಹೇಳಲ್ಲ, ಉಳೀತಿರಲಿಲ್ಲ ಅಂತಾನೂ ಹೇಳಲ್ಲ. ಗೊತ್ತಿದ್ದಿದ್ರೆ ಪರೀಕ್ಷೆ ಯಾಕೆ ಮಾಡ್ತಿದ್ವಿ?" ಎಂದರು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಾಟ ತಾಳಲಾರದೆ ಅದೇ ಹಳೇ ಮಾತ್ರೆಯನ್ನು ಹೊರಗಿನಿಂದ ತೆಗೆದುಕೊಳ್ಳಲು ಚೀಟಿ ಬರೆದುಕೊಟ್ಟಿದ್ದಾರೆ, ಲಾಭದ ಖಾತ್ರಿ ಇಲ್ಲ ಎಂದು ಕೆಳಗೆ ಗೆರೆ ಎಳೆದು. ಏಳು ವಾರವಾಯಿತು. ದಿನವೆಲ್ಲ ತೂಕಡಿಸುತ್ತೇನೆ. ಹೆಬ್ಬೆರಳು ಕೂಡ ಅಲ್ಲಾಡಿಲ್ಲ.

ಈಗ ನಾನು ಕೇಳುವುದಕ್ಕೆ ಇಲ್ಲ ಎನ್ನಬೇಡ. ಮಾರ್ಚ್‌ನಲ್ಲಿ ನನಗೆ ಮಂಪರು ಬಿಟ್ಟಿತ್ತು, ಅದಕ್ಕೇ ನಡೆದೆ ಎನ್ನುತ್ತಾರೆ ಎಲ್ಲರೂ. ಇರಬಹುದು. ಮಂಪರು ಬಿಟ್ಟವರೆಲ್ಲ ಅಷ್ಟು ದೂರ ನಡೆಯುತ್ತಾರೆಯೇ? ನಾನು ದಿನಾ ಊಟದ ಮೇಲೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು, ಇದು ನನ್ನ ಅಕ್ಕ ಕಳಿಸಿದ್ದು, ಇದು ನಿಜ ಎಂದುಕೊಂಡು ನುಂಗುತ್ತಿದ್ದೆ. ಈಗ ನುಂಗುವಾಗ ಹಾಗೆ ಅಂದುಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ.

ಇನ್ನೊಂದು ಸೀಸೆ ಕಳಿಸು ಅಕ್ಕಾ. ನಿನಗೆ ತೋಚಿದ್ದನ್ನು ತುಂಬು. ಏನು ತುಂಬಿದೆ ಎಂದು ಮಾತ್ರ ನನಗೆ ಬರೆಯಬೇಡ.

ನಿನ್ನ ತಮ್ಮ